ಸಂಸಾರ ಸಮೇತ ಗಡಿ ದಾಟುವಾಗ: ಕಾಗದಪತ್ರಗಳ ತೊಡಕು ಮತ್ತು ಅದನ್ನು ಬಿಡಿಸುವ ಬಗೆ

ಒಬ್ಬ ವ್ಯಕ್ತಿ ಕೆಲಸಕ್ಕೆಂದು ಹೊರದೇಶಕ್ಕೆ ಹೋಗುವುದಕ್ಕೂ ಒಂದು ಸಂಸಾರವೇ ಅಲ್ಲಿಗೆ ವಾಸ ಬದಲಿಸುವುದಕ್ಕೂ ಇರುವ ವ್ಯತ್ಯಾಸ ಸಾಮಾನು ಸರಂಜಾಮಿನಲ್ಲಿ ಕಾಣುವುದಕ್ಕಿಂತ ಕಾಗದಪತ್ರಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಕೆಲಸಕ್ಕೆ ಹೋಗುವವರು ತಮ್ಮ ಗುರುತನ್ನೂ ಅರ್ಹತೆಯನ್ನೂ ತೋರಿಸಿದರೆ ಬಹುಮಟ್ಟಿಗೆ ಸಾಕು. ಅವರ ಜೊತೆ ಹೊರಡುವ ಗಂಡ ಅಥವಾ ಹೆಂಡತಿ ಮತ್ತು ಮಕ್ಕಳು ಗುರುತಿನ ಜೊತೆಗೆ ಸಂಬಂಧವನ್ನೂ ರುಜುವಾತುಪಡಿಸಬೇಕಾಗುತ್ತದೆ. ವೀಸಾ ನಿಯಮಗಳು ಇಂಥವರನ್ನು ‘ಅವಲಂಬಿತರು’ ಎಂದು ಕರೆಯುತ್ತವೆ. ಅವರ ಪ್ರವೇಶದ ಹಕ್ಕು ಮುಖ್ಯ ಅರ್ಜಿದಾರರ ಹಕ್ಕಿನಿಂದ ಹುಟ್ಟುತ್ತದೆ ಎಂಬುದು ಈ ಪದದ ಅರ್ಥವಾದರೂ, ಅರ್ಜಿ, ಶುಲ್ಕ, ಬೆರಳಚ್ಚು, ತಪಾಸಣೆ ಮತ್ತು ತೀರ್ಮಾನ ಸಾಮಾನ್ಯವಾಗಿ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿಯೇ ನಡೆಯುತ್ತವೆ. ಆದ್ದರಿಂದ ನಾಲ್ವರ ಕುಟುಂಬ ಹೊರಡುವ ದಿನವನ್ನು ನಿರ್ಧರಿಸುವುದು ಎಲ್ಲರಿಗಿಂತ ಕೊನೆಯಲ್ಲಿ ಪೂರ್ಣವಾಗುವ ಕಡತ. ಅದು ಅನೇಕ ಬಾರಿ ಮನೆಯ ಅತ್ಯಂತ ಚಿಕ್ಕ ಮಗುವಿನದಾಗಿರುತ್ತದೆ. ಈ ತೊಡಕುಗಳು ರಾಯಭಾರ ಕಚೇರಿಯ ಕಿಟಕಿಯಲ್ಲಿ ಹುಟ್ಟಿದಂತೆ ತೋರಿದರೂ ಅವುಗಳ ಬೇರು ಹತ್ತಿಪ್ಪತ್ತು ವರ್ಷಗಳ ಹಿಂದಿನ ಶಾಲಾ ದಾಖಲೆಯಲ್ಲಿ, ಜನನ ನೋಂದಣಿಯ ಪುಸ್ತಕದಲ್ಲಿ, ನೋಂದಣಿಯಾಗದೇ ಉಳಿದ ಮದುವೆಯಲ್ಲಿ ಇರುವುದೇ ಹೆಚ್ಚು. ಇದನ್ನು ಮೊದಲೇ ಅರಿತ ಕುಟುಂಬಕ್ಕೆ ವಿಳಂಬ ತಪ್ಪದಿರಬಹುದು, ದಿಕ್ಕು ತೋಚದಂತಾಗುವ ಪರಿಸ್ಥಿತಿ ಮಾತ್ರ ತಪ್ಪುತ್ತದೆ.

ಮೊದಲ ತೊಡಕು ಹೆಸರಿನದು. ಕರ್ನಾಟಕದ ಹಳೆಯ ಪದ್ಧತಿಯಲ್ಲಿ ವ್ಯಕ್ತಿಯ ಹೆಸರಿನ ಹಿಂದೆ ಊರಿನ ಮತ್ತು ತಂದೆಯ ಹೆಸರಿನ ಮೊದಲ ಅಕ್ಷರಗಳು ನಿಲ್ಲುತ್ತವೆ. ಕುಲನಾಮ ಎಂಬ ಸ್ಥಿರವಾದ ಕೊನೆಯ ಹೆಸರು ಅನೇಕ ಮನೆತನಗಳಲ್ಲಿ ಇರುವುದೇ ಇಲ್ಲ. ತಂದೆಯ ಹೆಸರು ಮಗನ ಇನಿಷಿಯಲ್ ಆಗುತ್ತದೆ, ಮಗನ ಹೆಸರು ಮೊಮ್ಮಗನ ಇನಿಷಿಯಲ್ ಆಗುತ್ತದೆ. ಮದುವೆಯಾದ ಹೆಣ್ಣುಮಕ್ಕಳಲ್ಲಿ ಕೆಲವರು ತವರಿನ ಅಕ್ಷರಗಳನ್ನೇ ಉಳಿಸಿಕೊಂಡರೆ ಕೆಲವರು ಗಂಡನ ಹೆಸರನ್ನು ಸೇರಿಸಿಕೊಳ್ಳುತ್ತಾರೆ. ಊರಿನಲ್ಲಿ ಯಾರಿಗೂ ಗೊಂದಲವಾಗದ ಈ ವ್ಯವಸ್ಥೆ ಪಾಸ್‌ಪೋರ್ಟಿನ ಎರಡು ಅಂಕಣಗಳ ಎದುರು ನಿಂತಾಗ ಇಕ್ಕಟ್ಟಿಗೆ ಸಿಲುಕುತ್ತದೆ, ಏಕೆಂದರೆ ಅಲ್ಲಿ ಒಂದು ಅಂಕಣ ಕುಲನಾಮಕ್ಕೆ, ಇನ್ನೊಂದು ಕೊಟ್ಟ ಹೆಸರಿಗೆ ಮೀಸಲಾಗಿದೆ.

ಪಾಸ್‌ಪೋರ್ಟಿನ ಭಾವಚಿತ್ರವಿರುವ ಪುಟದ ಕೆಳತುದಿಯಲ್ಲಿ ಬಾಣದ ತುದಿಯಂಥ ಚಿಹ್ನೆಗಳಿಂದ ತುಂಬಿದ ಎರಡು ಸಾಲುಗಳಿರುತ್ತವೆ. ಯಂತ್ರ ಓದುವುದು ಈ ಸಾಲುಗಳನ್ನು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಂತೆ ಪ್ರತಿ ಸಾಲಿನಲ್ಲಿ 44 ಸ್ಥಾನಗಳಿದ್ದು, ಮೊದಲ ಸಾಲಿನ ಆರಂಭದ 5 ಸ್ಥಾನಗಳು ದಾಖಲೆಯ ಬಗೆಯನ್ನೂ ದೇಶವನ್ನೂ ಸೂಚಿಸುತ್ತವೆ, ಉಳಿದ 39 ಸ್ಥಾನಗಳು ಹೆಸರಿಗೆ ದೊರೆಯುತ್ತವೆ. ಮೊದಲು ಕುಲನಾಮ, ನಂತರ ಎರಡು ಬಾಣದ ಚಿಹ್ನೆ, ಆಮೇಲೆ ಕೊಟ್ಟ ಹೆಸರು ಎಂಬುದು ಅಲ್ಲಿನ ಕ್ರಮ. ಇನಿಷಿಯಲ್‌ನ ಮುಂದಿನ ಚುಕ್ಕಿಗೆ ಅಲ್ಲಿ ಜಾಗವಿಲ್ಲ. ವಿಮಾನದ ಟಿಕೆಟ್, ವೀಸಾ ಮತ್ತು ಹೊರದೇಶದ ವಾಸದ ಕಾರ್ಡಿನಲ್ಲಿ ಬರುವ ಹೆಸರು ಸಾಮಾನ್ಯವಾಗಿ ಈ ಸಾಲನ್ನೇ ಅನುಸರಿಸುವುದರಿಂದ, ಆಧಾರ್ ಅಥವಾ ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಇನಿಷಿಯಲ್ ಆಗಿದ್ದ ಅಕ್ಷರ ಪಾಸ್‌ಪೋರ್ಟಿನಲ್ಲಿ ಪೂರ್ಣ ಹೆಸರಾಗಿ ಬಿಡಿಸಿಕೊಂಡಿದ್ದರೆ, ಆ ಎರಡೂ ಒಬ್ಬರದೇ ಎಂದು ಅಧಿಕಾರಿಗೆ ಮತ್ತೆ ಮನವರಿಕೆ ಮಾಡಿಕೊಡಬೇಕಾಗುತ್ತದೆ.

ಇದರ ಪರಿಣಾಮ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಭಾರತೀಯ ಪಾಸ್‌ಪೋರ್ಟಿನಲ್ಲಿ ಕುಲನಾಮದ ಅಂಕಣ ಖಾಲಿಯಿದ್ದರೆ ಅಮೆರಿಕದ ವೀಸಾ ಇಡೀ ಹೆಸರನ್ನು ಕುಲನಾಮದ ಸ್ಥಾನಕ್ಕೆ ತಳ್ಳಿ, ಕೊಟ್ಟ ಹೆಸರಿನ ಜಾಗದಲ್ಲಿ ‘ಮೊದಲ ಹೆಸರು ಗೊತ್ತಿಲ್ಲ’ ಎಂಬುದರ ಸಂಕ್ಷೇಪವಾದ ‘ಎಫ್‌ಎನ್‌ಯು’ ಎಂಬ ಮೂರಕ್ಷರಗಳನ್ನು ಬರೆಯುತ್ತದೆ. ಅಲ್ಲಿಗೆ ಹೋದ ಮೇಲೆ ಚಾಲನಾ ಪರವಾನಗಿ, ಬ್ಯಾಂಕ್ ಖಾತೆ, ಮಕ್ಕಳ ಶಾಲಾ ದಾಖಲೆ ಎಲ್ಲದರಲ್ಲೂ ಆ ಮೂರಕ್ಷರ ಹಿಂಬಾಲಿಸುವ ಸಾಧ್ಯತೆ ಇರುತ್ತದೆ. ಸಂಯುಕ್ತ ಅರಬ್ ಎಮಿರೇಟ್ಸ್ 2022ರ ನವೆಂಬರ್ 21ರಿಂದ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರಿಗೆ ಭೇಟಿ ವೀಸಾದ ಮೇಲೆ ಪ್ರವೇಶವನ್ನು ನಿರ್ಬಂಧಿಸಿತು. ಮೊದಲು ಭೇಟಿ ವೀಸಾದಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಂಡು ಆಮೇಲೆ ವಾಸದ ಪರವಾನಗಿಗೆ ಅರ್ಜಿ ಹಾಕೋಣ ಎಂದುಕೊಂಡಿದ್ದವರಿಗೆ ಈ ನಿಯಮ ನೇರವಾಗಿ ತಟ್ಟಿತು. ಕಾಗುಣಿತದ ವ್ಯತ್ಯಾಸ ಇನ್ನೊಂದು ಬಗೆಯದು. ಕನ್ನಡದ ‘ತ’ ಅಕ್ಷರವನ್ನು ಇಂಗ್ಲಿಷಿನಲ್ಲಿ ಒಬ್ಬರು ಟಿ ಅಕ್ಷರದಿಂದ, ಇನ್ನೊಬ್ಬರು ಟಿ ಮತ್ತು ಎಚ್ ಸೇರಿಸಿ ಬರೆಯುತ್ತಾರೆ. ಕನ್ನಡದಲ್ಲಿ ಒಂದೇ ಆಗಿರುವ ‘ಸುನೀತಾ’ ಎಂಬ ಹೆಸರು ಮದುವೆಯ ಪ್ರಮಾಣಪತ್ರದಲ್ಲಿ ಒಂದು ಬಗೆಯಾಗಿಯೂ ಮಗುವಿನ ಜನನ ಪ್ರಮಾಣಪತ್ರದ ತಾಯಿಯ ಅಂಕಣದಲ್ಲಿ ಇನ್ನೊಂದು ಬಗೆಯಾಗಿಯೂ ಇದ್ದರೆ, ಕನ್ನಡ ಬಾರದ ಅಧಿಕಾರಿಯ ಕಣ್ಣಿಗೆ ಅವರು ಇಬ್ಬರು ಬೇರೆ ಬೇರೆ ಹೆಂಗಸರು. ಅದನ್ನು ಆ ಅಧಿಕಾರಿಯ ಹಟವೆಂದು ತಿಳಿಯುವುದು ನ್ಯಾಯವಲ್ಲ, ಅವರ ಮುಂದೆ ಇರುವುದು ಅಕ್ಷರಗಳು ಮಾತ್ರ.

ಹೆಸರಿನ ತಿದ್ದುಪಡಿಯನ್ನು ಕಣ್ಣಿಗೆ ಬಿದ್ದ ಕಡೆಯೆಲ್ಲ ಬಿಡಿಬಿಡಿಯಾಗಿ ಮಾಡುವುದು ತೊಡಕನ್ನು ಹೆಚ್ಚಿಸುತ್ತದೆ. ಇಡೀ ಕುಟುಂಬದ ಹೆಸರುಗಳನ್ನು ಒಂದು ಹಾಳೆಯ ಮೇಲೆ, ಪ್ರತಿ ದಾಖಲೆಯಲ್ಲಿ ಹೇಗಿದೆಯೋ ಹಾಗೆಯೇ ಅಕ್ಷರ ಬಿಡದೆ ಬರೆದುಕೊಂಡು, ಯಾವ ರೂಪವನ್ನು ಉಳಿಸಿಕೊಳ್ಳಬೇಕೆಂದು ಒಮ್ಮೆ ನಿಶ್ಚಯಿಸಿ, ಆಮೇಲೆ ಉಳಿದವನ್ನು ಆ ರೂಪಕ್ಕೆ ತರುವುದು ಸರಿಯಾದ ಮಾರ್ಗ. ಸಣ್ಣ ವ್ಯತ್ಯಾಸಕ್ಕೆ, ಎರಡೂ ಹೆಸರು ಒಬ್ಬರದೇ ಎಂದು ನೋಟರಿಯ ಮುಂದೆ ಪ್ರಮಾಣ ಮಾಡಿ ಬರೆದುಕೊಡುವ ಅಫಿಡವಿಟ್ ಕೆಲವೊಮ್ಮೆ ಸಾಕಾಗುತ್ತದೆ. ಹೆಸರೇ ಬದಲಾಗುವುದಾದರೆ ಪತ್ರಿಕಾ ಪ್ರಕಟಣೆ ಅಥವಾ ರಾಜ್ಯಪತ್ರದ ಅಧಿಸೂಚನೆಯವರೆಗೂ ಹೋಗಬೇಕಾಗಬಹುದು. ಮದುವೆಯಾದ ಮಾತ್ರಕ್ಕೆ ಹೆಣ್ಣುಮಕ್ಕಳು ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸಬೇಕೆಂಬ ಕಡ್ಡಾಯವೇನೂ ಇಲ್ಲ. ಗಂಡನ ಹೆಸರನ್ನು ಸಂಗಾತಿಯ ಅಂಕಣದಲ್ಲಿ ಸೇರಿಸಿದರೆ ಸಂಬಂಧಕ್ಕೆ ಒಂದು ಆಧಾರ ಸಿಗುತ್ತದೆ, ಓದು ಮತ್ತು ಉದ್ಯೋಗದ ದಾಖಲೆಗಳಲ್ಲಿರುವ ಹೆಸರೂ ಹಾಗೆಯೇ ಉಳಿಯುತ್ತದೆ.

ಎರಡನೆಯ ತೊಡಕು ಜನನ ಪ್ರಮಾಣಪತ್ರದ್ದು, ಕರ್ನಾಟಕದ ಕುಟುಂಬಗಳ ಮಟ್ಟಿಗೆ ಇದು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. 1969ರ ಜನನ ಮರಣ ನೋಂದಣಿ ಕಾಯಿದೆಯ ವ್ಯವಸ್ಥೆಯಲ್ಲಿ ಮಗು ಹುಟ್ಟಿದ 21 ದಿನಗಳೊಳಗೆ ಮಾಹಿತಿ ನೀಡಬೇಕು. ಹೆರಿಗೆ ಆಸ್ಪತ್ರೆಯಲ್ಲಿ ಆದರೆ ಆಸ್ಪತ್ರೆಯೇ ಆ ಕೆಲಸ ಮಾಡುತ್ತದೆ. ಆದರೆ ನಾಮಕರಣ ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ ನಡೆಯುವ ಮನೆಗಳಿರುವಂತೆ ಬಾಣಂತನ ಮುಗಿದ ಮೇಲೆ ಮೂರು ಅಥವಾ ಐದನೆಯ ತಿಂಗಳಿನಲ್ಲಿ ತೊಟ್ಟಿಲು ಶಾಸ್ತ್ರದೊಂದಿಗೆ ನಡೆಯುವ ಮನೆಗಳೂ ಇವೆ. ಹೀಗಾಗಿ ನೋಂದಣಿಯ ಹೊತ್ತಿಗೆ ಹೆಸರೇ ಇಲ್ಲದ ಮಗುವಿಗೆ ಹೆಸರಿನ ಅಂಕಣ ಖಾಲಿಯಿರುವ ಪ್ರಮಾಣಪತ್ರ ಸಿಗುತ್ತದೆ. ತಂದೆ ತಾಯಿಯ ಹೆಸರು, ಆಸ್ಪತ್ರೆ, ದಿನಾಂಕ ಎಲ್ಲವೂ ಸರಿಯಾಗಿದ್ದು, ಮಗುವಿನ ಹೆಸರಿನ ಜಾಗದಲ್ಲಿ ಒಂದು ಗೀಟು ಮಾತ್ರ ಇರುವ ಆ ಹಾಳೆಯನ್ನು ಮನೆಯವರು ಕಪಾಟಿನಲ್ಲಿ ಜೋಪಾನವಾಗಿಟ್ಟು, ವೀಸಾ ಅರ್ಜಿಯ ಹೊತ್ತಿಗೆ ತೆಗೆದು ನೋಡಿ ಗಾಬರಿಯಾಗುವುದು ಅಪರೂಪವಲ್ಲ. ಹುಟ್ಟಿದ 12 ತಿಂಗಳೊಳಗೆ ಹೆಸರನ್ನು ಶುಲ್ಕವಿಲ್ಲದೆ, ಆಮೇಲೆ 15 ವರ್ಷಗಳವರೆಗೆ ತಡದ ಶುಲ್ಕದೊಂದಿಗೆ ಸೇರಿಸಲು ನಿಯಮದಲ್ಲಿ ಅವಕಾಶವಿದೆ. ಇದಕ್ಕೆ ಮೂಲ ನೋಂದಣಿ ನಡೆದ ಕಚೇರಿಯನ್ನೇ ಸಂಪರ್ಕಿಸಬೇಕು. ತಾಯಿಯ ತವರೂರಿನಲ್ಲಿ ಹೆರಿಗೆಯಾಗಿದ್ದರೆ ಆ ಕಚೇರಿ ಮನೆಯಿಂದ ಮುನ್ನೂರು ನಾನೂರು ಕಿಲೋಮೀಟರ್ ದೂರದ ತಾಲ್ಲೂಕಿನಲ್ಲಿರಬಹುದು ಎಂಬುದನ್ನು ದಿನಗಳ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಜನನವೇ ನೋಂದಣಿಯಾಗದಿದ್ದರೆ ದಾರಿ ಇನ್ನೂ ಉದ್ದವಾಗುತ್ತದೆ. ಒಂದು ವರ್ಷ ಮೀರಿದ ಜನನಕ್ಕೆ ಹಿಂದೆ ಪ್ರಥಮ ದರ್ಜೆ ನ್ಯಾಯಾಂಗ ದಂಡಾಧಿಕಾರಿಯ ಆದೇಶ ಬೇಕಿತ್ತು. 2023ರ ತಿದ್ದುಪಡಿ ಆ ಅಧಿಕಾರವನ್ನು ಜಿಲ್ಲಾ ದಂಡಾಧಿಕಾರಿ, ಉಪವಿಭಾಗೀಯ ದಂಡಾಧಿಕಾರಿ ಅಥವಾ ಅವರಿಂದ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ವಹಿಸಿತು. ಅದೇ ತಿದ್ದುಪಡಿಯ ಹಿನ್ನೆಲೆಯಲ್ಲಿ, 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳ ಪಾಸ್‌ಪೋರ್ಟಿಗೆ ಜನ್ಮದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರವೊಂದೇ ಸಲ್ಲುತ್ತದೆ ಎಂದು 2025ರಲ್ಲಿ ಪಾಸ್‌ಪೋರ್ಟ್ ನಿಯಮಗಳನ್ನು ಬದಲಿಸಲಾಯಿತು. ಅದಕ್ಕಿಂತ ಮೊದಲು ಹುಟ್ಟಿದವರಿಗೆ ಶಾಲೆಯ ವರ್ಗಾವಣೆ ಪತ್ರದಂಥ ಬದಲಿ ದಾಖಲೆಗಳ ಅವಕಾಶ ಉಳಿದಿದೆ. ಆದರೆ ಶಾಲೆಗೆ ಸೇರಿಸುವಾಗ ವಯಸ್ಸು ಹೊಂದಿಸಲೆಂದು ಜೂನ್ ತಿಂಗಳಿನ ಒಂದು ದಿನಾಂಕವನ್ನು ಬರೆಸಿದ್ದ ಹಿಂದಿನ ತಲೆಮಾರಿನವರಿಗೆ, ಊರಿನ ಜನನ ದಾಖಲೆಯ ದಿನಾಂಕ ಮತ್ತು ಅಂಕಪಟ್ಟಿಯ ದಿನಾಂಕ ಹೊಂದದಿರುವುದು ಈಗ, ಮಕ್ಕಳು ಹೊರದೇಶಕ್ಕೆ ಕರೆದಾಗ, ಹೊಸ ಸಮಸ್ಯೆಯಾಗಿ ಎದುರಾಗುತ್ತದೆ.

ಮದುವೆಯ ವಿಷಯ ಇದಕ್ಕಿಂತ ಸರಳ. ಕಲ್ಯಾಣ ಮಂಟಪದಲ್ಲಿ ಸಾವಿರ ಜನರ ಎದುರು ನಡೆದ ಧಾರೆಯೂ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿಯಾಗದ ಹೊರತು ಹೊರದೇಶದ ಅಧಿಕಾರಿಗೆ ಸಾಬೀತಾಗುವುದಿಲ್ಲ. ಹಿಂದೂ ವಿವಾಹವನ್ನು ವರ್ಷಗಳ ನಂತರವೂ ನೋಂದಾಯಿಸಬಹುದು. ಲಗ್ನಪತ್ರಿಕೆ, ಮದುವೆಯ ಫೋಟೋ, ಸಾಕ್ಷಿಗಳು ಇದ್ದರೆ ಕೆಲಸ ನಡೆಯುತ್ತದೆ. ಗಂಡ ಮೊದಲೇ ಹೊರದೇಶ ಸೇರಿಬಿಟ್ಟಿದ್ದರೆ ಇಬ್ಬರೂ ಒಟ್ಟಿಗೆ ಬಂದು ಸಹಿ ಮಾಡುವ ದಿನಕ್ಕಾಗಿ ಕಾಯಬೇಕಾಗುತ್ತದೆ, ಆದ್ದರಿಂದ ನೇಮಕಾತಿ ಪತ್ರ ಕೈಸೇರಿದ ವಾರವೇ ಈ ಕೆಲಸ ಮುಗಿಸುವುದು ಒಳ್ಳೆಯದು.

ಪ್ರಮಾಣಪತ್ರ ಸರಿಯಾಗಿದ್ದ ಮಾತ್ರಕ್ಕೆ ಅದು ಇನ್ನೊಂದು ದೇಶದಲ್ಲಿ ಸಲ್ಲುವುದಿಲ್ಲ. ಶಿವಮೊಗ್ಗದ ನೋಂದಣಾಧಿಕಾರಿಯ ಸಹಿ ನಿಜವಾದದ್ದೇ ಎಂದು ಟೊರೊಂಟೊ ಅಥವಾ ದುಬೈನ ಅಧಿಕಾರಿ ತಿಳಿಯುವುದು ಹೇಗೆ ಎಂಬ ಪ್ರಶ್ನೆಗೆ 1961ರ ಅಕ್ಟೋಬರ್ 5ರ ಹೇಗ್ ಒಪ್ಪಂದ ಒಂದು ಉತ್ತರ ಕೊಟ್ಟಿತು. ಆ ಒಪ್ಪಂದದಂತೆ ದಾಖಲೆ ಹುಟ್ಟಿದ ದೇಶದ ಗೊತ್ತುಪಡಿಸಿದ ಅಧಿಕಾರಿ ‘ಅಪೊಸ್ಟಿಲ್’ ಎಂಬ ದೃಢೀಕರಣವನ್ನು ಅಂಟಿಸಿದರೆ ಒಪ್ಪಂದದ ಇತರ ದೇಶಗಳು ಬೇರೆ ಮೊಹರು ಕೇಳುವಂತಿಲ್ಲ. ಭಾರತದ ಮಟ್ಟಿಗೆ ಇದು 2005ರ ಜುಲೈ 14ರಂದು ಜಾರಿಗೆ ಬಂದಿತು. ರಾಜ್ಯ ಮಟ್ಟದ ದೃಢೀಕರಣದ ನಂತರ ವಿದೇಶಾಂಗ ಸಚಿವಾಲಯ ಇದನ್ನು ನೀಡುತ್ತದೆ. ದಾಖಲೆಯ ಒಳಗಿರುವ ವಿಷಯ ಸತ್ಯವೆಂದು ಅಪೊಸ್ಟಿಲ್ ಹೇಳುವುದಿಲ್ಲ, ಸಹಿ ಮತ್ತು ಮೊಹರು ಅಸಲಿ ಎಂದಷ್ಟೇ ಹೇಳುತ್ತದೆ. ಆದ್ದರಿಂದ ಹೆಸರು ತಪ್ಪಾಗಿರುವ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ ಹಾಕಿಸಿದರೆ ತಪ್ಪು ಹೆಸರೇ ಗಟ್ಟಿಯಾಗುತ್ತದೆ.

ಎಲ್ಲ ದೇಶಗಳೂ ಈ ಒಪ್ಪಂದದಲ್ಲಿಲ್ಲ. ಕರಾವಳಿ ಕರ್ನಾಟಕದ ಅಸಂಖ್ಯ ಕುಟುಂಬಗಳು ಹೋಗುವ ಸಂಯುಕ್ತ ಅರಬ್ ಎಮಿರೇಟ್ಸ್, ಕತಾರ್ ಮತ್ತು ಕುವೈತ್‌ಗಳಿಗೆ ಹಳೆಯ ಸರಪಳಿಯೇ ನಡೆದು ಬಂದಿದೆ: ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ, ಆ ದೇಶದ ರಾಯಭಾರ ಕಚೇರಿ, ಕೊನೆಗೆ ಅಲ್ಲಿಗೆ ತಲುಪಿದ ಮೇಲೆ ಅಲ್ಲಿನ ವಿದೇಶಾಂಗ ಸಚಿವಾಲಯ. ಪಕ್ಕದ ಒಮಾನ್ ಮತ್ತು ಬಹರೈನ್ ಒಪ್ಪಂದಕ್ಕೆ ಸೇರಿ ವರ್ಷಗಳಾಗಿವೆ. ಸೌದಿ ಅರೇಬಿಯಾದಲ್ಲಿ ಅದು 2022ರ ಡಿಸೆಂಬರ್‌ನಲ್ಲಿ, ಕೆನಡಾದಲ್ಲಿ 2024ರ ಜನವರಿ 11ರಂದು ಜಾರಿಯಾಯಿತು. ಭಾರತ ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿದ್ದರಿಂದ ಆ ಎರಡು ದೇಶಗಳ ನಡುವೆ ಅಪೊಸ್ಟಿಲ್ ನಡೆಯದೆ, ದಾಖಲೆಗಳನ್ನು ಜರ್ಮನ್ ದೂತಾವಾಸಗಳ ಮೂಲಕ ಪರಿಶೀಲಿಸುವ ಕ್ರಮ ಬೆಳೆಯಿತು. ಐದು ವರ್ಷಗಳ ಹಿಂದೆ ಹೋದ ಅಣ್ಣನ ಅಥವಾ ನೆರೆಮನೆಯವರ ಅನುಭವವನ್ನು ನಂಬಿ ಹೊರಡುವುದು ಈ ಕಾರಣಕ್ಕಾಗಿಯೇ ಅಪಾಯಕರ: ಅವರು ಹೇಳಿದ್ದು ಅಂದಿಗೆ ಸತ್ಯವಾಗಿತ್ತು, ನಿಯಮ ಆಮೇಲೆ ಬದಲಾಗಿರಬಹುದು.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ಹೇಳಲೇಬೇಕು. ಮುಖ್ಯವಾದ ಪ್ರಮಾಣಪತ್ರಗಳು ಹಾಳಾಗದಿರಲೆಂದು ಅನೇಕ ಮನೆಗಳಲ್ಲಿ ಅವಕ್ಕೆ ಲ್ಯಾಮಿನೇಷನ್ ಮಾಡಿಸಿಡುವ ರೂಢಿಯಿದೆ. ದೃಢೀಕರಣದ ಮೊಹರನ್ನು ಕಾಗದದ ಮೇಲೆಯೇ ಒತ್ತಬೇಕು, ಅಪೊಸ್ಟಿಲ್‌ನ ಚೀಟಿಯನ್ನು ಹಾಳೆಯ ಹಿಂಬದಿಗೆ ಅಂಟಿಸಬೇಕು. ಪ್ಲಾಸ್ಟಿಕ್ ಹೊದಿಕೆಯ ಮೇಲೆ ಅದು ಸಾಧ್ಯವಿಲ್ಲದ ಕಾರಣ ಕಚೇರಿಗಳು ಅಂಥ ದಾಖಲೆಯನ್ನು ಹಿಂದಿರುಗಿಸುತ್ತವೆ. ಹೊದಿಕೆಯನ್ನು ಬಿಸಿ ಮಾಡಿ ಎಳೆಯಲು ಹೋದರೆ ಅಕ್ಷರಗಳೂ ಜೊತೆಗೇ ಎದ್ದುಬರುತ್ತವೆ. ಹೊಸ ಪ್ರತಿಯನ್ನು ಪಡೆಯುವುದೇ ಉಳಿದ ದಾರಿ. ಪ್ರೀತಿಯಿಂದ ಕಾಪಾಡಿದ ಕಾಗದವೇ ಕೆಲಸಕ್ಕೆ ಬಾರದೆ ಹೋಗುವುದು ತಂದೆ ತಾಯಿಗಳಿಗೆ ನೋವಿನ ಸಂಗತಿ. ಮಕ್ಕಳು ಇದನ್ನು ಮುಂಚಿತವಾಗಿ ಮನೆಗೆ ತಿಳಿಸುವುದು ಅಗತ್ಯ.

ಮಕ್ಕಳ ಪಾಸ್‌ಪೋರ್ಟಿಗೆ ಅದರದೇ ಆದ ಗಡುವಿದೆ. ವಯಸ್ಕರ ಪಾಸ್‌ಪೋರ್ಟ್ 10 ವರ್ಷ ನಡೆದರೆ ಚಿಕ್ಕ ಮಕ್ಕಳದು ಸಾಮಾನ್ಯವಾಗಿ 5 ವರ್ಷಕ್ಕೆ ಮುಗಿಯುತ್ತದೆ, ತಂದೆ ತಾಯಿಯ ಪಾಸ್‌ಪೋರ್ಟ್ ಇನ್ನೂ ಹೊಸದಾಗಿದೆ ಎಂಬ ನೆಮ್ಮದಿಯಲ್ಲಿ ಮಗುವಿನದು ಮುಗಿಯುತ್ತಾ ಬಂದದ್ದು ಗಮನಕ್ಕೆ ಬರುವುದಿಲ್ಲ. ಪಾಸ್‌ಪೋರ್ಟಿನ ಅವಧಿ ಮೀರಿ ವಾಸದ ಅನುಮತಿ ಕೊಡದ ದೇಶಗಳಲ್ಲಿ, ತಂದೆಗೆ ಮೂರು ವರ್ಷದ ವೀಸಾ ಸಿಕ್ಕಿ ಮಗುವಿಗೆ ಹತ್ತು ತಿಂಗಳಿನದು ಸಿಗುವ ಪರಿಸ್ಥಿತಿ ಬರಬಹುದು. ಅಪ್ರಾಪ್ತರ ಅರ್ಜಿಗೆ ತಂದೆ ತಾಯಿ ಇಬ್ಬರ ಒಪ್ಪಿಗೆಯ ಘೋಷಣೆ ಬೇಕು. ಒಬ್ಬರು ಹೊರದೇಶದಲ್ಲಿದ್ದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಹೇಳಿಕೆಯನ್ನು ತರಿಸಿಕೊಳ್ಳಬೇಕಾಗುತ್ತದೆ. ಗಂಡ ಮೊದಲು ಹೋಗಿ ಹೆಂಡತಿ ಮಕ್ಕಳೊಂದಿಗೆ ಉಳಿದಾಗ ಈ ಎಲ್ಲ ಓಡಾಟ ಒಬ್ಬ ಹೆಣ್ಣುಮಗಳ ಹೆಗಲೇರುತ್ತದೆ. ಕಚೇರಿಯಿಂದ ಕಚೇರಿಗೆ ಕೂಸನ್ನು ಎತ್ತಿಕೊಂಡು ಅಲೆಯುವ, ಸಮಯದ ವ್ಯತ್ಯಾಸದಿಂದ ರಾತ್ರಿ ಹನ್ನೊಂದಕ್ಕೆ ಗಂಡನಿಂದ ಸಹಿ ಮಾಡಿದ ಪತ್ರ ತರಿಸಿಕೊಳ್ಳುವ ಈ ದುಡಿಮೆ ವಲಸೆಯ ಯಾವ ಲೆಕ್ಕದಲ್ಲೂ ಬರುವುದಿಲ್ಲ. ಗಂಡ ಹೊರಡುವ ಮುನ್ನವೇ ಬೇಕಾದ ಒಪ್ಪಿಗೆ ಪತ್ರಗಳಿಗೆ ಸಹಿ ಮಾಡಿಟ್ಟು, ಮೂಲ ದಾಖಲೆಗಳನ್ನು ಯಾರ ಬಳಿ ಇಡಬೇಕೆಂದು ಕುಳಿತು ಮಾತನಾಡುವುದು ಆ ಭಾರವನ್ನು ಅರ್ಧ ಇಳಿಸುತ್ತದೆ.

ಇಷ್ಟೆಲ್ಲ ಸರಿಯಿದ್ದಾಗಲೂ ತಡೆ ಬರಬಹುದು. ಆರು ತಿಂಗಳಿಗಿಂತ ಹೆಚ್ಚು ಕಾಲಕ್ಕೆ ಬ್ರಿಟನ್‌ಗೆ ಹೋಗುವ ಭಾರತೀಯರು ಕ್ಷಯರೋಗದ ತಪಾಸಣೆ ಮಾಡಿಸಬೇಕು, ಆ ಪ್ರಮಾಣಪತ್ರ 6 ತಿಂಗಳು ಮಾತ್ರ ನಡೆಯುತ್ತದೆ. ಎದೆಯ ಕ್ಷ-ಕಿರಣದಲ್ಲಿ ಹಳೆಯ ಕಲೆಯೊಂದು ಕಂಡು ಕಫದ ಪರೀಕ್ಷೆಗೆ ಕಳುಹಿಸಿದರೆ ಫಲಿತಾಂಶಕ್ಕೆ 8 ವಾರಗಳವರೆಗೂ ಹಿಡಿಯಬಹುದು. ಜರ್ಮನಿಗೆ ಹೋಗುವ ಸಂಗಾತಿ ಸಾಮಾನ್ಯವಾಗಿ ಜರ್ಮನ್ ಭಾಷೆಯ ಮೊದಲ ಹಂತವಾದ ‘ಎ1’ ಪರೀಕ್ಷೆ ಪಾಸಾಗಿರಬೇಕು, ಆದರೆ ಉನ್ನತ ಕೌಶಲದ ಉದ್ಯೋಗಿಗಳಿಗೆ ನೀಡುವ ‘ಬ್ಲೂ ಕಾರ್ಡ್’ ಹೊಂದಿದವರ ಸಂಗಾತಿಗೆ ಆ ನಿರ್ಬಂಧವಿಲ್ಲ. ಅಮೆರಿಕದ ಸಂದರ್ಶನದ ಕೊನೆಯಲ್ಲಿ ಕೆಲವರಿಗೆ, ಅಲ್ಲಿನ ವಲಸೆ ಕಾಯಿದೆಯ 221(ಜಿ) ಕಲಮನ್ನು ಹೆಸರಿಸುವ ಒಂದು ಚೀಟಿ ಕೊಡುತ್ತಾರೆ. ಕಾನೂನಿನ ಮಾತಿನಲ್ಲಿ ಅದು ಆ ಕ್ಷಣದ ನಿರಾಕರಣೆಯಾದರೂ, ಕೇಳಿದ ದಾಖಲೆ ಒದಗಿಸಿದ ಮೇಲೆ ಅಥವಾ ಹಿನ್ನೆಲೆಯ ಪರಿಶೀಲನೆ ಮುಗಿದ ಮೇಲೆ ಅದೇ ಅರ್ಜಿಯ ಮೇಲೆ ವೀಸಾ ದೊರೆಯುವ ಸಾಧ್ಯತೆ ಉಳಿದಿರುತ್ತದೆ. ಆದ್ದರಿಂದ ಆ ಚೀಟಿಯನ್ನು ಕಂಡು ಕನಸು ಮುಗಿಯಿತೆಂದು ಭಾವಿಸಬೇಕಾಗಿಲ್ಲ. 2025ರ ಡಿಸೆಂಬರ್ 15ರಿಂದ ಎಚ್-1ಬಿ ಉದ್ಯೋಗ ವೀಸಾ ಮತ್ತು ಅವರ ಕುಟುಂಬದ ಎಚ್-4 ವೀಸಾ ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ಪರಿಶೀಲಿಸುವ ಕ್ರಮ ಬಂದಾಗ, ಭಾರತದಲ್ಲಿ ಆ ತಿಂಗಳು ನಿಗದಿಯಾಗಿದ್ದ ಅನೇಕ ಸಂದರ್ಶನಗಳು ಮುಂದಿನ ವರ್ಷಕ್ಕೆ ಹೋದವು. ಎರಡು ವಾರದ ರಜೆಗೆಂದು ಊರಿಗೆ ಬಂದಿದ್ದವರು ಕೆಲಸ ಒಂದು ಖಂಡದಲ್ಲಿ, ಸಂಸಾರ ಇನ್ನೊಂದು ಖಂಡದಲ್ಲಿ ಎಂಬ ಸ್ಥಿತಿಗೆ ಬಂದರು. ಅವರ ಕಾಗದಗಳಲ್ಲಿ ಯಾವ ಲೋಪವೂ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಕುಟುಂಬವನ್ನು ಉಳಿಸುವುದು, ಹಿಂದಕ್ಕೆ ತೆಗೆದುಕೊಳ್ಳಲಾಗದ ಕೆಲಸಗಳನ್ನು ಎಷ್ಟು ತಡವಾಗಿ ಮಾಡಿದ್ದಾರೆ ಎಂಬುದು. ವೀಸಾ ಅಂಟಿಸಿದ ಪಾಸ್‌ಪೋರ್ಟುಗಳು ಎಲ್ಲರ ಹೆಸರಿನಲ್ಲೂ ಕೈಗೆ ಬರುವವರೆಗೆ ಬಾಡಿಗೆ ಮನೆ ಖಾಲಿ ಮಾಡುವುದು, ಹೆಂಡತಿಯ ಕೆಲಸಕ್ಕೆ ರಾಜೀನಾಮೆ ಕೊಡಿಸುವುದು, ಹಣ ವಾಪಸಾಗದ ಟಿಕೆಟ್ ಕೊಳ್ಳುವುದು, ಮಕ್ಕಳ ಟಿಸಿ ತೆಗೆಯುವುದು ಬೇಡ. ಇವುಗಳಲ್ಲಿ ಟಿಸಿಯ ಮಾತು ವಿಶೇಷ ಗಮನಕ್ಕೆ ಅರ್ಹ. ಕರ್ನಾಟಕದ ಶಾಲಾ ವರ್ಷ ಬೇಸಿಗೆ ರಜೆಯ ನಂತರ ಆರಂಭವಾದರೆ ಯುರೋಪ್ ಮತ್ತು ಅಮೆರಿಕದಲ್ಲಿ ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ ಆರಂಭವಾಗುತ್ತದೆ. ಇಲ್ಲಿ ಏಪ್ರಿಲ್‌ನಲ್ಲಿ ಶಾಲೆ ಬಿಡಿಸಿದ ಮಗು ವೀಸಾ ತಡವಾದರೆ ಎರಡೂ ಕಡೆ ಸೇರದೆ ತಿಂಗಳುಗಟ್ಟಲೆ ಮನೆಯಲ್ಲಿ ಕುಳಿತುಕೊಳ್ಳುತ್ತದೆ. ಸ್ನೇಹಿತರಿಗೆ ವಿದಾಯ ಹೇಳಿ ಬಂದ ಮಗುವಿಗೆ ಆ ಕಾಯುವಿಕೆಯ ಅರ್ಥ ತಿಳಿಯುವುದಿಲ್ಲ. ಶಾಲೆಯ ಮುಖ್ಯಸ್ಥರಿಗೆ ವಿಷಯ ತಿಳಿಸಿ, ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯುವಂತೆ ಕೇಳಿಕೊಳ್ಳುವುದರಲ್ಲಿ ಸಂಕೋಚಪಡಬೇಕಾದದ್ದು ಏನೂ ಇಲ್ಲ.

ನಿಜವಾದ ನಿರಾಕರಣೆ ಬಂದಾಗ ಮೊದಲು ಮಾಡಬೇಕಾದದ್ದು ಪತ್ರದಲ್ಲಿ ಬರೆದ ಕಾರಣವನ್ನು ಅಕ್ಷರಶಃ ಓದುವುದು. ಅದೇ ಕಾಗದಗಳನ್ನು ಅವಸರದಲ್ಲಿ ಮತ್ತೆ ಸಲ್ಲಿಸಿದರೆ ಉತ್ತರವೂ ಅದೇ ಆಗಿರುತ್ತದೆ. ಹಿಂದಿನ ನಿರಾಕರಣೆಯನ್ನು ಮುಂದಿನ ಅರ್ಜಿಯಲ್ಲಿ ಮುಚ್ಚಿಡಲು, ಇಲ್ಲದ ಪ್ರಮಾಣಪತ್ರವನ್ನು ‘ಮಾಡಿಸಿಕೊಡುವ’ ಮಧ್ಯವರ್ತಿಯ ಮಾತು ಕೇಳಲು ಮನಸ್ಸು ಎಳೆಯುವುದು ಈ ಹಂತದಲ್ಲೇ. ಅದರ ಬೆಲೆ ಬಹಳ ದೊಡ್ಡದು: ವಂಚನೆ ಸಾಬೀತಾದರೆ ಬ್ರಿಟನ್ 10 ವರ್ಷ ಪ್ರವೇಶ ನಿಷೇಧಿಸಬಹುದು, ಅಮೆರಿಕದಲ್ಲಿ ಉದ್ದೇಶಪೂರ್ವಕ ಸುಳ್ಳು ಹೇಳಿಕೆಯಿಂದ ಬರುವ ಅನರ್ಹತೆಗೆ ಕಾಲಮಿತಿಯೇ ಇಲ್ಲ. ಗಲ್ಫ್ ದೇಶಗಳಿಗೆ ಕಾರ್ಮಿಕರಾಗಿ ಹೋಗುವವರಲ್ಲಿ ಹತ್ತನೆಯ ತರಗತಿ ಪಾಸಾಗದವರಿಗೆ 1983ರ ವಲಸೆ ಕಾಯಿದೆಯ ಪ್ರಕಾರ ವಲಸೆ ಅನುಮತಿ ಬೇಕು, ನೋಂದಾಯಿತ ಏಜೆಂಟರ ಪಟ್ಟಿಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ನೋಡಬಹುದು. ಆ ಪಟ್ಟಿಯಲ್ಲಿ ಇಲ್ಲದವರ ಕೈಗೆ ಮೂಲ ಪಾಸ್‌ಪೋರ್ಟ್ ಕೊಡಬಾರದು.

ಹೊರಡುವ ದಿನ ಮೂಲ ದಾಖಲೆಗಳು ಚೆಕ್-ಇನ್ ಪೆಟ್ಟಿಗೆಯಲ್ಲಿ ಅಲ್ಲದೆ ಕೈಚೀಲದಲ್ಲಿರಬೇಕು. ತಲುಪಿದ ಮೇಲೆ ವಿಳಾಸ ನೋಂದಣಿ, ವಾಸದ ಕಾರ್ಡು, ಶಾಲೆ, ಆರೋಗ್ಯ ವಿಮೆ ಎಲ್ಲಕ್ಕೂ ಅವೇ ಕಾಗದಗಳನ್ನು ಮತ್ತೆ ತೋರಿಸಬೇಕಾಗುತ್ತದೆ. ಆಮೇಲೆ ಅಲ್ಲೇ ಒಂದು ಮಗು ಹುಟ್ಟಿದರೆ ದಾಖಲೆಗಳ ಸರಪಳಿ ಮೊದಲಿನಿಂದ ಶುರುವಾಗುತ್ತದೆ. ಗಲ್ಫ್ ದೇಶಗಳಲ್ಲಿ ಭಾರತೀಯರಿಗೆ ಹುಟ್ಟಿದ ಮಗುವಿಗೆ ಅಲ್ಲಿನ ಪೌರತ್ವ ದೊರೆಯುವುದಿಲ್ಲ. 1955ರ ಪೌರತ್ವ ಕಾಯಿದೆಯಂತೆ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ಜನನವನ್ನು ನೋಂದಾಯಿಸಿ ಪಾಸ್‌ಪೋರ್ಟ್ ಪಡೆಯಬೇಕು, ಅದಕ್ಕೆ ಸ್ಥಳೀಯ ಜನನ ಪ್ರಮಾಣಪತ್ರ ಬೇಕು, ಆ ಪ್ರಮಾಣಪತ್ರಕ್ಕೆ ಮಗುವಿನ ಹೆಸರು ಬೇಕು. ನಾಮಕರಣದವರೆಗೆ ಅಂಕಣವನ್ನು ಖಾಲಿ ಬಿಡುವ ಅವಕಾಶ ಅಲ್ಲಿ ಇಲ್ಲದ ಕಾರಣ, ಊರಿನಲ್ಲಿರುವ ಅಜ್ಜ ಅಜ್ಜಿಯರನ್ನು ಫೋನಿನಲ್ಲಿ ಕೇಳಿ ಹೆರಿಗೆಗೆ ಮುನ್ನವೇ ಹೆಸರನ್ನೂ ಅದರ ಇಂಗ್ಲಿಷ್ ಅಕ್ಷರಗಳನ್ನೂ ನಿಶ್ಚಯಿಸಿಟ್ಟುಕೊಳ್ಳುವ ರೂಢಿ ಕನ್ನಡದ ಮನೆಗಳಲ್ಲಿ ಈಗ ಬೆಳೆಯುತ್ತಿದೆ. ತೊಟ್ಟಿಲಿಗೆ ಹಾಕುವ ದಿನ ಮಗುವಿನ ಕಿವಿಯಲ್ಲಿ ಹೇಳುವ ಹೆಸರು ಅಷ್ಟು ಹೊತ್ತಿಗೆ ಪ್ರಮಾಣಪತ್ರದಲ್ಲಿ ಅಚ್ಚಾಗಿರುತ್ತದೆ.